ತೆಂಗಿನ ಮರಕ್ಕೆ ಬಡಿದು ಮುರಿದ ಮಾದರಿ ವಿಮಾನದ ರೆಕ್ಕೆಯನ್ನು ಜೋಡಿಸುವುದು ಹೇಗೆ?

ಪ್ರಶ್ನೆ, ಬದಿಯಡ್ಕದಿಂದ:

ಎಲ್ಲರಿಗೂ ನಮಸ್ಕಾರ. ಕಳೆದ ಬೇಸಗೆ ರಜೆಯಲ್ಲಿ ಅಕ್ಕನ ಮಗನನ್ನು ಜೊತೆಗಿಟ್ಟುಕೊಂಡು ಬಾಲ್ಸಾ ಮರದಿಂದ ಕಟ್ಟಿದ ನಮ್ಮ ವಿಮಾನವನ್ನು ಮೊನ್ನೆ ಭಾನುವಾರ ಏಣೆಲು ಬೆಳೆಯ ಕೊಯ್ಲು ಮುಗಿದ ಬೈಲಿನಲ್ಲಿ ಹಾರಿಸುತ್ತಿದ್ದೆವು. ಗಾಳಿಗೆ ಸರಿದ ವಿಮಾನವನ್ನು ತಿರುಗಿಸುವಷ್ಟರಲ್ಲಿ ಅದು ಹುಣಿಯ ಮೇಲಿನ ತೆಂಗಿನ ಮರಕ್ಕೆ ಬಡಿದು ಗದ್ದೆಗೆ ಬಿತ್ತು. ರೆಕ್ಕೆ ತುದಿಯಿಂದ ತುದಿಗೆ 1.5 ಮೀಟರ್ ಉದ್ದವಿದೆ. ಬ್ಯಾಟರಿಯೂ ಸೇರಿ ಒಟ್ಟು ತೂಕ 1.4 ಕಿಲೋ.

ಎಡ ರೆಕ್ಕೆ ಬುಡದಿಂದ ಮೂರನೆಯ ಪಕ್ಕೆಲುಬಿನ, ಅಂದರೆ ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿಯ, ಆಚೆ ಮುರಿದಿದೆ. ರೆಕ್ಕೆಯ ಉದ್ದಕ್ಕೂ ಹೋಗುವ ಮೇಲಿನ ಮತ್ತು ಕೆಳಗಿನ ಸ್ಪಾರ್‌ಗಳೆರಡೂ, ಅಂದರೆ 6 ಮಿ.ಮೀ. ಚೌಕದ ಪೈನ್ ಕಡ್ಡಿಗಳು, ಸಿಗಿದುಹೋಗಿವೆ. ಮುಂಬದಿಯ ಅಂಚು ಜಜ್ಜಿದೆ, ಕೆಂಪು ಪ್ಲಾಸ್ಟಿಕ್ ಹೊದಿಕೆ ಹರಿದಿದೆ, ಮೋಟಾರು ಕೂರಿಸಿದ ಪ್ಲೈವುಡ್ ಹಲಗೆ ಅಲುಗಾಡುತ್ತಿದೆ. ಹುಡುಗನ ಮುಖ ನೋಡಲಾರದೆ ಅದೇ ಸಂಜೆ ಸೂಪರ್ ಗ್ಲೂ ಹಾಕಿ ಮುರಿದ ತುದಿಗಳನ್ನು ಒತ್ತಿ ಹಿಡಿದೆ. ಮರುದಿನ ರೆಕ್ಕೆಯನ್ನು ಎತ್ತಿದಾಗ ಅದೇ ಜಾಗದಲ್ಲಿ ಟಕ್ಕೆಂದು ಮತ್ತೆ ಬಿಟ್ಟುಕೊಂಡಿತು. ಸ್ಪಾರನ್ನು ಗಟ್ಟಿಯಾಗಿ ಜೋಡಿಸುವ ಕ್ರಮ ಯಾವುದು, ಹೊದಿಕೆಯನ್ನು ಪೂರ್ತಿ ತೆಗೆಯಬೇಕೇ, ಮೇಲಿಂದ ಬಣ್ಣ ಹೊಡೆದರೆ ಸಾಕೇ ಎಂಬುದನ್ನು ಬಲ್ಲವರು ತಿಳಿಸಬೇಕು.

ಉತ್ತರ, ಕುಂಬಳೆಯಿಂದ:

ತುಂಡಾದ ಕಡ್ಡಿಯನ್ನು ತುದಿಗೆ ತುದಿ ಮುಟ್ಟಿಸಿ ಅಂಟಿಸಿದರೆ ಯಾವ ಅಂಟೂ ನಿಲ್ಲುವುದಿಲ್ಲ. ಮರದ ಎಳೆಗಳ ಕೊನೆ ಅಂಟನ್ನು ಹೀರಿಕೊಳ್ಳುತ್ತದೆಯೇ ಹೊರತು ಹಿಡಿದುಕೊಳ್ಳುವುದಿಲ್ಲ. ಅದರ ಮೇಲೆ ಸೂಪರ್ ಗ್ಲೂ ಒಣಗಿದ ಮೇಲೆ ಪೆಡಸಾಗುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಮರಗೆಲಸ ಹೇಳಿಕೊಡುತ್ತಿದ್ದ ಕಾಲದಲ್ಲಿ ನಾನು ಮೊದಲ ದಿನವೇ ಕಲಿಸುತ್ತಿದ್ದುದು ಓರೆ ಜೋಡಣೆಯನ್ನು, ನಿಮಗೆ ಬೇಕಾದುದೂ ಅದೇ.

ಮೊದಲು ಸೂಪರ್ ಗ್ಲೂ ತಾಗಿದ ಭಾಗವನ್ನೆಲ್ಲ ಕತ್ತರಿಸಿ ತೆಗೆಯಿರಿ, ಏಕೆಂದರೆ ಅಂಟು ಕುಡಿದ ಮರಕ್ಕೆ ಬೇರೆ ಅಂಟು ಇಳಿಯುವುದಿಲ್ಲ. ಸ್ಪಾರ್‌ನ ಉಳಿದ ತುದಿಗಳನ್ನು ಕಡ್ಡಿಯ ದಪ್ಪದ ಕನಿಷ್ಠ ಹತ್ತು ಪಟ್ಟು ಉದ್ದಕ್ಕೆ, ನಿಮ್ಮ ಲೆಕ್ಕದಲ್ಲಿ 60 ಮಿ.ಮೀ. ಉದ್ದಕ್ಕೆ, ಓರೆಯಾಗಿ ಸವರಬೇಕು. ಅಷ್ಟೇ ಓರೆಯಿರುವ ಹೊಸ ಪೈನ್ ತುಂಡನ್ನು ನಡುವೆ ಕೂರಿಸಿ ಬಿಳಿ ಮರದಂಟಿನಿಂದ ಜೋಡಿಸಿ, ರಾತ್ರಿಯಿಡೀ ಕ್ಲಾಂಪ್ ಹಾಕಿ ಬಿಗಿಯಾಗಿ ಹಿಡಿದಿಡಬೇಕು. ಮೇಲಿನ ಸ್ಪಾರ್‌ನ ಜೋಡಣೆ ಒಂದು ಅಂಕಣದಲ್ಲಿ (ಎರಡು ಪಕ್ಕೆಲುಬುಗಳ ನಡುವಿನ ಜಾಗದಲ್ಲಿ) ಇದ್ದರೆ ಕೆಳಗಿನದು ಅದರ ಪಕ್ಕದ ಅಂಕಣದಲ್ಲಿರಲಿ, ಎರಡೂ ಒಂದೇ ನೇರದಲ್ಲಿ ಬರಬಾರದು. ಹಾರುವಾಗ ರೆಕ್ಕೆಯ ತುದಿಗಳು ಮೇಲಕ್ಕೆ ಬಾಗುವುದರಿಂದ ಮೇಲಿನ ಸ್ಪಾರ್ ಒತ್ತಡಕ್ಕೂ ಕೆಳಗಿನದು ಎಳೆತಕ್ಕೂ ಒಳಗಾಗುತ್ತದೆ. ಆದ್ದರಿಂದ ಕೆಳಗಿನ ಜೋಡಣೆಯಲ್ಲಿ ಕೂದಲೆಳೆಯಷ್ಟೂ ಸಂದು ಕಾಣಬಾರದು.

ಎರಡು ಸ್ಪಾರ್‌ಗಳ ನಡುವೆ 1.5 ಮಿ.ಮೀ. ಬಾಲ್ಸಾ ಹಲಗೆಯನ್ನು ಅದರ ಎಳೆಗಳು ಮೇಲಿಂದ ಕೆಳಕ್ಕೆ ನಿಲ್ಲುವಂತೆ ಅಂಟಿಸಿ. ಅಡ್ಡ ಎಳೆಯಲ್ಲಿ ಅಂಟಿಸಿದರೆ ಅದು ಮೊದಲ ಕುಲುಕಿಗೇ ಸೀಳುತ್ತದೆ. ಬಲಕ್ಕಾಗಿ ದಪ್ಪ ಪ್ಲೈವುಡ್ ತೇಪೆ ಹಾಕುವ ಆಸೆ ಎಲ್ಲರಿಗೂ ಬರುತ್ತದೆ, ಅದನ್ನು ತಡೆದುಕೊಳ್ಳಿ. ಪೆಡಸಾದ ತೇಪೆ ಎಲ್ಲಿ ಮುಗಿಯುತ್ತದೋ ಅಲ್ಲಿಯೇ ರೆಕ್ಕೆ ಇನ್ನೊಮ್ಮೆ ಮುರಿಯುತ್ತದೆ. ಹಾಕಲೇಬೇಕೆಂದಿದ್ದರೆ 0.8 ಮಿ.ಮೀ. ಪ್ಲೈವುಡ್ಡನ್ನೇ ಬಳಸಿ, ಎರಡೂ ತುದಿಗಳನ್ನು ಮೀನಿನ ಬಾಲದಂತೆ ಸೀಳಿ ಚೂಪು ಮಾಡಿ.

ಈ ಕೆಲಸವನ್ನೆಲ್ಲ ನೇರವಾದ ಹಲಗೆಯ ಮೇಲೆ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು ಮಾಡಬೇಕು. ಅಂಟು ಒಣಗುವಾಗ ರೆಕ್ಕೆ ತಿರುಚಿಕೊಂಡರೆ ಆಮೇಲೆ ತಿದ್ದುವುದು ಕಷ್ಟ. ಮೋಟಾರಿನ ಹಲಗೆಯನ್ನು ಮಾತ್ರ ಪೂರ್ತಿ ಬಿಚ್ಚಿ, ಹಳೆಯ ಅಂಟನ್ನು ಕೆರೆದು, 30 ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ಅಂಟಿನಲ್ಲಿ ಕೂರಿಸಿ. 5 ನಿಮಿಷದ ಎಪಾಕ್ಸಿ ಮರದೊಳಗೆ ಇಳಿಯುವ ಮೊದಲೇ ಗಟ್ಟಿಯಾಗುತ್ತದೆ.

ಉತ್ತರ, ಅಕ್ಕಲಕೋಟೆಯಿಂದ:

ಮಾಸ್ತರರು ಹೇಳಿದ ಮೇಲೆ ಸ್ಪಾರ್‌ನ ವಿಷಯದಲ್ಲಿ ನಾನು ಸೇರಿಸುವಂಥದ್ದು ಏನೂ ಉಳಿದಿಲ್ಲ, ಹೊದಿಕೆಯ ಬಗ್ಗೆ ಬರೆಯುತ್ತೇನೆ. ಜಜ್ಜಿದ ಅಂಚಿನಲ್ಲಿ ಎಳೆ ಹರಿಯದಿದ್ದರೆ, ಒದ್ದೆ ಬಟ್ಟೆಯನ್ನಿಟ್ಟು ಬಿಸಿ ಇಸ್ತ್ರಿ ಪೆಟ್ಟಿಗೆ ತಾಗಿಸಿ. ಆವಿಗೆ ಬಾಲ್ಸಾ ಉಬ್ಬಿ ತಗ್ಗು ತಾನಾಗಿಯೇ ಮೇಲೇಳುತ್ತದೆ. ಉಳಿದ ತಗ್ಗಿಗೆ ಹಗುರವಾದ ಫಿಲ್ಲರ್ ಬೇಕು. ಗೋಡೆಗೆ ಹಾಕುವ ಪುಟ್ಟಿಯನ್ನು ನಾನೊಮ್ಮೆ ಬಳಸಿ ನೊಂದಿದ್ದೇನೆ. ಪುಟ್ಟಿ ಬಾಲ್ಸಾಕ್ಕಿಂತ ಗಟ್ಟಿಯಾದ್ದರಿಂದ ಸ್ಯಾಂಡ್ ಪೇಪರ್ ಉಜ್ಜಿದಂತೆಲ್ಲ ಅದು ಹಾಗೆಯೇ ಗುಬುಟಾಗಿ ಉಳಿದು, ಅದರ ಎರಡೂ ಬದಿಯ ಮರ ಸವೆದು ಹಳ್ಳ ಬಿತ್ತು. ಮೇಲೆ ಹೊದಿಕೆ ಎಳೆದಾಗ ಆ ಗುಬುಟು ದೂರಕ್ಕೂ ಕಾಣುತ್ತಿತ್ತು. 220 ನಂಬರಿನ ಕಾಗದವನ್ನು ಉದ್ದನೆಯ ಮರದ ತುಂಡಿಗೆ ಅಂಟಿಸಿಕೊಂಡು ಉಜ್ಜಿ, 400ರಲ್ಲಿ ಮುಗಿಸಿ. ಬೆರಳಿಗೆ ಕಾಗದ ಸುತ್ತಿ ಉಜ್ಜಬೇಡಿ.

ಹೊದಿಕೆಯನ್ನು ಪೂರ್ತಿ ತೆಗೆಯುವುದು ಅಗತ್ಯವಿಲ್ಲ. ಹರಿದ ಭಾಗದ ಆಚೆ ಈಚೆ ಗಟ್ಟಿಯಾಗಿರುವ ಒಂದೊಂದು ಪಕ್ಕೆಲುಬಿನವರೆಗೆ ಕತ್ತರಿಸಿ, ಹೊಸ ಹಾಳೆ ಹಳೆಯದರ ಮೇಲೆ 6 ಮಿ.ಮೀ. ಬರುವಂತೆ, ಆ ಹೊಂದಾಣಿಕೆ ಪಕ್ಕೆಲುಬಿನ ಮೇಲೆಯೇ ಕೂರುವಂತೆ ನೋಡಿಕೊಳ್ಳಿ. ಹಳೆಯ ಹಾಳೆಯನ್ನು ಮೊದಲು ಸ್ಪಿರಿಟ್‌ನಿಂದ ಒರೆಸಬೇಕು. ಈ ಹಾಳೆ ಬಿಸಿಗೆ ಅಂಟಿ ಬಿಗಿಯಾಗುವಂಥದ್ದು, ಆದ್ದರಿಂದ ಇಸ್ತ್ರಿಯ ಕಡಿಮೆ ಬಿಸಿಯಲ್ಲಿ ಅಂಚುಗಳನ್ನು ಅಂಟಿಸಿ, ಆಮೇಲೆ ಬಿಸಿ ಹೆಚ್ಚಿಸಿ ಮೇಲೊಮ್ಮೆ ಕೆಳಗೊಮ್ಮೆ ಎಂಬಂತೆ ಎಳೆತ ಬರಿಸಿ. ಒಂದೇ ಬದಿಯನ್ನು ಪೂರ್ತಿ ಬಿಗಿ ಮಾಡಿದರೆ ರೆಕ್ಕೆ ಆ ಕಡೆಗೆ ತಿರುಚುತ್ತದೆ. ಬಣ್ಣ ಹೊಡೆಯಬೇಡಿ, ನುಣುಪಾದ ಹಾಳೆಯ ಮೇಲೆ ಅದು ಹಿಡಿಯುವುದಿಲ್ಲ, ತೂಕವೂ ಏರುತ್ತದೆ.

ನಮ್ಮ ಒಣ ಸೀಮೆಯಲ್ಲಿ ಇಲ್ಲದ ತೊಂದರೆಯೊಂದು ನಿಮ್ಮಲ್ಲಿದೆ. ತುಲಾ ಮಾಸದ ಸಂಜೆಮಳೆಯ ತೇವದಲ್ಲಿ ಬಾಲ್ಸಾ ನೀರು ಕುಡಿದಿರುತ್ತದೆ. ಆ ಸ್ಥಿತಿಯಲ್ಲಿ ಹಾಳೆ ಹೊದಿಸಿದರೆ ಮರ ಒಣಗಿದಾಗ ಸುಕ್ಕು ಬೀಳುತ್ತದೆ. ನಾಲ್ಕಾರು ದಿನ ಒಣಗಿದ ಕೋಣೆಯಲ್ಲಿಟ್ಟು ಆಮೇಲೆ ಹೊದಿಸಿ. ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಹೊಗೆಯ ಜಿಡ್ಡು ಕುಳಿತರೆ ಹಾಳೆ ಅಂಟುವುದಿಲ್ಲ. ಅಡಕೆ ಒಣಗಿಸುವ ಪ್ಲಾಸ್ಟಿಕ್ ಚಪ್ಪರದ ಕಾವಿನಲ್ಲಿಯೂ ಬೇಡ.

ಉತ್ತರ, ಹೊಸೂರಿನಿಂದ:

ರೆಕ್ಕೆಗಿಂತ ಮೊದಲು ಬ್ಯಾಟರಿಯನ್ನು ನೋಡಿ ಸರ್. ಲಿಥಿಯಂ ಪಾಲಿಮರ್ ಬ್ಯಾಟರಿ ಉಬ್ಬಿದ್ದರೆ ಅಥವಾ ಮೂಲೆ ತಗ್ಗಿದ್ದರೆ ಮತ್ತೆ ಚಾರ್ಜ್ ಮಾಡಲೇಬೇಡಿ, ಮನೆಯೊಳಗೂ ಇಡಬೇಡಿ. ಪೆಟ್ಟು ಬಿದ್ದ ಎಷ್ಟೋ ಹೊತ್ತಿನ ಮೇಲೂ ಅದು ಹೊತ್ತಿಕೊಳ್ಳಬಹುದು. ಪ್ರೊಪೆಲ್ಲರ್‌ನ ಬುಡದಲ್ಲಿ ಬಿಳಿ ಗೆರೆ ಕಂಡರೆ ಎಸೆದುಬಿಡಿ. ಸರ್ವೋಗಳನ್ನು, ಅಂದರೆ ರೆಕ್ಕೆ ಬಾಲಗಳ ಪಟ್ಟಿಗಳನ್ನು ತಿರುಗಿಸುವ ಪುಟ್ಟ ಮೋಟಾರುಗಳನ್ನು, ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಓಡಿಸಿ, ಎಲ್ಲಿಯಾದರೂ ತಡೆದು ಜಿಗಿದರೆ ಹಲ್ಲು ಮುರಿದಿದೆಯೆಂದು ಅರ್ಥ.

ದುರಸ್ತಿಯಾದ ಮೇಲೆ ತೂಕದ ಕೇಂದ್ರವನ್ನು ಹೊಸದಾಗಿ ನೋಡಬೇಕು. ರೆಕ್ಕೆಯ ಅಗಲ 250 ಮಿ.ಮೀ. ಇದ್ದರೆ, ಇಂಥ ಕಲಿಕೆಯ ವಿಮಾನಕ್ಕೆ ಮುಂಬದಿಯ ಅಂಚಿನಿಂದ 65ರಿಂದ 75 ಮಿ.ಮೀ. ಒಳಗೆ ಅದು ಬರಬೇಕು. ಬಾಲದ ಕಡೆ ಅಂಟು ಜಾಸ್ತಿಯಾಗದಂತೆ ವಿಶೇಷ ಎಚ್ಚರಿಕೆ ಇರಲಿ: ಕೇಂದ್ರದಿಂದ ಬಾಲ 70 ಸೆಂ.ಮೀ., ಮೂತಿ 25 ಸೆಂ.ಮೀ. ದೂರವಿದ್ದರೆ, ಬಾಲದಲ್ಲಿ ಏರಿದ 10 ಗ್ರಾಂ ಸರಿತೂಗಿಸಲು ಮೂತಿಗೆ 28 ಗ್ರಾಂ ಸೀಸ ಕಟ್ಟಬೇಕಾಗುತ್ತದೆ.

ಮರುಬರಹ, ಬದಿಯಡ್ಕದಿಂದ:

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಬ್ಯಾಟರಿಯ ಒಂದು ಮೂಲೆ ತಗ್ಗಿದ್ದು ಆಮೇಲೆ ಕಂಡಿತು, ಅದನ್ನು ಅಂಗಳದಾಚೆ ಮುರಕಲ್ಲಿನ ಮೇಲೆ ಇರಿಸಿದ್ದೇನೆ. ಸ್ಪಾರ್ ಜೋಡಣೆಗೆ ಎರಡು ರಾತ್ರಿ ಬೇಕಾಯಿತು. ಓರೆ ಸವರುವ ಕೆಲಸವನ್ನು ಹುಡುಗನೇ ಮಾಡಿದ, ಬೆಳಕಿಗೆ ಹಿಡಿದರೂ ಸಂದು ಕಾಣುವುದಿಲ್ಲ. ಒಟ್ಟು ತೂಕ 19 ಗ್ರಾಂ ಏರಿದೆ, ಕೇಂದ್ರ 70 ಮಿ.ಮೀ.ಗೆ ಬಂದಿದೆ. ಆದರೆ ಹೊದಿಸಿದ ಮೇಲೆ ಹಲಗೆಯ ಮೇಲಿಟ್ಟು ನೋಡಿದರೆ ಎಡ ತುದಿಯ ಹಿಂಬದಿ ಅಂಚು ಬಲದ್ದಕ್ಕಿಂತ 4 ಮಿ.ಮೀ. ಕೆಳಗಿದೆ. ಇಷ್ಟನ್ನು ಬಿಡಬಹುದೇ, ಮಾಸ್ಟ್ರೇ?

ಉತ್ತರ, ಕುಂಬಳೆಯಿಂದ:

ಬಿಡಬೇಡಿ. ಹಾಗೆಯೇ ಹಾರಿಸಿದರೆ, ನಿಧಾನವಾಗಿ ಇಳಿಸುವ ಹೊತ್ತಿಗೆ ಎಡ ತುದಿಯೇ ಮೊದಲು ಗಾಳಿಯ ಹಿಡಿತ ತಪ್ಪಿ ವಿಮಾನ ಆ ಕಡೆಗೆ ಉರುಳುತ್ತದೆ. ಅಳುಕಬೇಕಾದ್ದಿಲ್ಲ, ಸ್ಪಾರ್ ಸರಿಯಿದ್ದರೆ ಇದನ್ನು ಹೊದಿಕೆಯಿಂದಲೇ ತಿದ್ದಬಹುದು. ಒಬ್ಬರು ತುದಿಯನ್ನು ಹಿಡಿದು ಹಿಂಬದಿಯ ಅಂಚನ್ನು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚಾಗಿ ಮೇಲಕ್ಕೆ ತಿರುಚಿರಲಿ, ಇನ್ನೊಬ್ಬರು ಹೊದಿಕೆಯ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಇಸ್ತ್ರಿಯ ಬಿಸಿ ತಾಗಿಸಲಿ. ಹಾಳೆ ಪೂರ್ತಿ ತಣಿಯುವವರೆಗೆ ಕೈ ಬಿಡಬಾರದು. ಮರುದಿನ ಬಿಸಿಲೇರಿದ ಮೇಲೆ ಮತ್ತೆ ಅದೇ ಹಲಗೆಯ ಮೇಲಿಟ್ಟು ಅಳೆಯಿರಿ, ವ್ಯತ್ಯಾಸ 1 ಮಿ.ಮೀ. ಒಳಗಿದ್ದರೆ ಬೈಲಿಗೆ ಒಯ್ಯಬಹುದು.