ಬ್ಲಾಸ್ಟ್ ಹೊಡೆದ ಕಬ್ಬಿಣದ 'ಪ್ರೊಫೈಲ್'ಗೆ ಕನ್ನಡದಲ್ಲಿ ಏನನ್ನೋಣ: ತರಿ, ಹಲ್ಲು, ಕಚ್ಚು?

ಎಲ್ರಿಗೂ ನಮಸ್ಕಾರ. ನಾನು ಪೀಣ್ಯದ ಕಡೆ ಒಂದು ಫ್ಯಾಬ್ರಿಕೇಶನ್ ಯಾರ್ಡಲ್ಲಿ ಇನ್‌ಸ್ಪೆಕ್ಷನ್ ಕೆಲಸ ಮಾಡ್ತೀನಿ, ಡ್ಯಾಮಿನ ಗೇಟು, ದೊಡ್ಡ ಪೈಪು ಇಂಥವನ್ನ ಬ್ಲಾಸ್ಟಿಂಗ್ ಮಾಡಿ ಪೇಂಟ್ ಹೊಡೆಯೋ ಜಾಗ. ಹುಡುಗರಿಗೆ ಅಂತ ಕನ್ನಡದಲ್ಲಿ ಒಂದು ಸೂಚನೆ ಹಾಳೆ ಬರೀತಿದೀನಿ, ಬೇರೆಲ್ಲಾ ಹೇಗೋ ಬಂತು, 'ಪ್ರೊಫೈಲ್' ಅನ್ನೋ ಒಂದು ಪದದ ಹತ್ರ ಬಂದು ನಿಂತುಬಿಟ್ಟಿದೀನಿ.

ಗೊತ್ತಿಲ್ಲದವರಿಗೆ ವಿಷಯ ಹೇಳ್ಬಿಡ್ತೀನಿ. ಗಾಳಿ ಒತ್ತಡದಲ್ಲಿ ಗ್ರಿಟ್ (ಚೂಪು ಅಂಚಿನ ಗಟ್ಟಿ ಚೂರುಗಳು) ಬಂದು ಪ್ಲೇಟಿಗೆ ಹೊಡೆದಾಗ ಎರಡು ಕೆಲಸ ಆಗುತ್ತೆ. ಒಂದು, ತುಕ್ಕು ಮತ್ತೆ ಮಿಲ್ ಸ್ಕೇಲ್ ಅಂತೀವಲ್ಲ ಆ ನೀಲಿಗಪ್ಪು ಹಕ್ಕಳೆ, ಎರಡೂ ಹಾರಿಹೋಗುತ್ತೆ. ಇನ್ನೊಂದು, ಕಬ್ಬಿಣದ ಮೈಮೇಲೆ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಸಣ್ಣ ಗುಂಡಿ, ಮೊನೆ ಏಳುತ್ತೆ, ಪೇಂಟ್ ಹಿಡ್ಕೊಳ್ಳೋದು ಅದರಲ್ಲೇ. ಮೊದಲನೇದಕ್ಕೆ ಐಎಸ್ಓ 8501-1 ಅನ್ನೋ ಅಂತರರಾಷ್ಟ್ರೀಯ ಮಾನದಂಡದಲ್ಲಿ ಫೋಟೋಗಳಿವೆ, ಅದನ್ನ ಪ್ಲೇಟ್ ಪಕ್ಕ ಹಿಡಿದು ನೋಡ್ತೀವಿ, ಅದರಲ್ಲಿ ಎಸ್ಸೆ (Sa) ಎರಡೂವರೆ ದರ್ಜೆ ಅಂದ್ರೆ ಅಲ್ಲಲ್ಲಿ ತೆಳ್ಳಗಿನ ಕಲೆ ಉಳಿದಿರಬಹುದು ಅಷ್ಟೆ, ಎಸ್ಸೆ ಮೂರು ಅಂದ್ರೆ ಅದೂ ಇರಬಾರದು, ಎಲ್ಲಾ ಕಡೆ ಒಂದೇ ಲೋಹದ ಬಣ್ಣ. ಎರಡನೇದೇ ಪ್ರೊಫೈಲ್, ಅದನ್ನ ಮೈಕ್ರಾನಲ್ಲಿ (ಮಿಲಿಮೀಟರಿನ ಸಾವಿರದ ಒಂದು ಭಾಗ) ಅಳೀತೀವಿ. ಎರಡೂ ಬೇರೆ ಬೇರೆ, ಒಂದು ಪಾಸಾಗಿ ಇನ್ನೊಂದು ಫೇಲ್ ಆಗಬಹುದು.

ಇದು ಬರೀ ಪದದ ಚಪಲ ಅಲ್ಲ ಅಂತ ಯಾಕೆ ಹೇಳ್ತೀನಂದ್ರೆ, ನಾನು ಹಿಂದೆ ಇದ್ದ ಒಂದು ಜಾಗದಲ್ಲಿ ಯಾರೋ ಇಂಗ್ಲಿಷಿಂದ ಅನುವಾದ ಮಾಡಿದ್ದ ಹಾಳೆ ಗೋಡೆಗೆ ಅಂಟಿಸಿದ್ರು. ಅದರಲ್ಲಿ ಅಬ್ರೇಸಿವ್ ಬ್ಲಾಸ್ಟಿಂಗ್ ಅನ್ನೋದು 'ಅಪಘರ್ಷಕ ಸ್ಫೋಟ' ಆಗಿತ್ತು, ಪ್ರೊಫೈಲ್ ಅನ್ನೋ ಮಾತೇ ಇರಲಿಲ್ಲ, 'ಮೇಲ್ಮೈ ಸ್ವಚ್ಛ ಹಾಗೂ ನಯವಾಗಿರತಕ್ಕದ್ದು' ಅಂತಿತ್ತು. ನಯ! ಇರಲೇಬಾರದ ಗುಣ ಅದು. ಗ್ರಿಟ್ ಸವೆದು ಉರುಟಾಗಿತ್ತು, ಪ್ಲೇಟ್ ಬೆಳ್ಳಗೆ ಹೊಳೀತಿತ್ತು, ಹಾಳೆ ಪ್ರಕಾರ ಎಲ್ಲಾ ಸರಿ ಅಂತ ಪೇಂಟ್ ಹೊಡೆದ್ರು. ಮುಂದಿನ ಮಳೆಗಾಲದ ಹೊತ್ತಿಗೆ ಬಾಳೆಪಟ್ಟೆ ಸುಲಿದ ಹಾಗೆ ಅಗಲಗಲ ಪೇಂಟ್ ಎದ್ದು ಬಂತು. ಕೆಳಗೆ ತುಕ್ಕು ಒಂಚೂರೂ ಇಲ್ಲ, ಹೊಳೆಯೋ ಕಬ್ಬಿಣ. ಅದನ್ನ ಕೈಯಲ್ಲಿ ಎತ್ತಿ ನೋಡಿದ್ದು ಇವತ್ತಿಗೂ ನೆನಪಿದೆ.

ಈಗ ಪದಗಳಿಗೆ ಬರ್ತೀನಿ. 'ಒರಟುತನ' ಮೊದಲು ಹೊಳೆದದ್ದು, ಆದ್ರೆ ರಫ್‌ನೆಸ್ ಅಂತ ಬೇರೆ ಅಳತೆ ಇದೆ, ಮಷಿನ್ ಶಾಪಿನವರದ್ದು, ಎರಡೂ ಕಲಸಿಹೋಗುತ್ತೆ. 'ತರಿ' ನಂಗೆ ತುಂಬಾ ಇಷ್ಟ, ಚಟ್ನಿ ತರಿತರಿಯಾಗಿ ರುಬ್ಬು ಅಂದ್ರೆ ಯಾರಿಗಾದ್ರೂ ಬೆರಳಿಗೆ ಅನುಭವ ಬರುತ್ತೆ. ಆದ್ರೆ ಅಕ್ಕಿತರಿ ಅನ್ನುವಾಗ ತರಿ ಅಂದ್ರೆ ಕಾಳಿನ ಚೂರು, ಹಾಗಾಗಿ ಅದು ಗ್ರಿಟ್‌ಗೇ ಸರಿಹೊಂದುತ್ತೆ: ಶಾಟ್ ಅಂದ್ರೆ ಗುಂಡು, ಗ್ರಿಟ್ ಅಂದ್ರೆ ತರಿ. (ಮರಳು ಅನ್ನೋದು ಬೇಡವೇ ಬೇಡ, ಮರಳಿನ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋಗಿ ಸಿಲಿಕೋಸಿಸ್ ಬರುತ್ತೆ ಅಂತ ಅದನ್ನ ಬಿಟ್ಟಿರೋದು, 'ಮರಳು ಹೊಡೆಯಿರಿ' ಅಂತ ಹಾಳೇಲಿ ಬರೆದ್ರೆ ಯಾರಾದ್ರೂ ನಿಜವಾಗ್ಲೂ ಹೊಡೆದುಬಿಡ್ತಾರೆ.) 'ಹಲ್ಲು' ಅಂದ್ರೆ ಅರದ ಹಲ್ಲು ಥರ ಸಾಲಾಗಿ ಇರಬೇಕು, ಇಲ್ಲಿ ಸಾಲಿಲ್ಲ.

ಹೀಗಿರುವಾಗ ನಮ್ಮಲ್ಲಿ ರಾಯಚೂರು ಕಡೆಯ ಒಬ್ರು ಬ್ಲಾಸ್ಟರ್ ಇದಾರೆ, ಒಂದಿನ ಪ್ಲೇಟ್ ನೋಡಿ, "ಸರ, ಬೆಳ್ಳಗ ಆಗೇದ, ಆದ್ರ ಬಣ್ಣ ಕಚ್ಚಂಗಿಲ್ರೀ" ಅಂದ್ರು. ಅಳೆದು ನೋಡಿದ್ರೆ ನಿಜ. ಅವತ್ತಿಂದ 'ಕಚ್ಚು' ಅನ್ನೋದು ತಲೇಲಿ ಕೂತಿದೆ. ಮರಕ್ಕೆ ಕಚ್ಚು ಹಾಕೋದು ಅಂದ್ರೆ ಗುರುತು ಕಡಿಯೋದು, ಬಣ್ಣ ಕಚ್ಚೋದು ಅಂದ್ರೆ ಹಿಡ್ಕೊಳ್ಳೋದು, ಎರಡೂ ಅರ್ಥ ಒಂದೇ ಪದದಲ್ಲಿದೆ. 'ಕಚ್ಚಿನ ಆಳ 50ರಿಂದ 75 ಮೈಕ್ರಾನ್' ಅಂತ ಬರೆದು ಓದಿಸಿದೆ, ಯಾರೂ ಮತ್ತೆ ಕೇಳಲಿಲ್ಲ. ಆದ್ರೂ ಒಂದು ಅನುಮಾನ, ಕಚ್ಚು ಅಂದ್ರೆ ಒಂದೇ ಒಂದು ಕಡಿತ ಅನ್ಸುತ್ತಲ್ವಾ, ಇಡೀ ಮೈಯೆಲ್ಲಾ ಇರೋದಕ್ಕೆ ಅದು ಸಾಲುತ್ತಾ?

ಅಳೆಯೋ ಸಾಮಾನಿನ ಹೆಸರೂ ಬೇಕು. ಕಂಪ್ಯಾರೇಟರ್ ಅಂತ ನಾಲ್ಕು ಭಾಗದ ಲೋಹದ ಬಿಲ್ಲೆ ಇದೆ, ಐಎಸ್ಓ 8503ರದ್ದು, ತರಿ ಹೊಡೆದದ್ದಕ್ಕೆ ಜಿ, ಗುಂಡು ಹೊಡೆದದ್ದಕ್ಕೆ ಎಸ್. ಪ್ಲೇಟಿನ ಮೇಲಿಟ್ಟು ಕಣ್ಣಲ್ಲಿ ನೋಡಿ, ಉಗುರಲ್ಲಿ ಗೀರಿ, ಯಾವ ಎರಡು ಭಾಗದ ಮಧ್ಯ ಬರುತ್ತೆ ಅಂತ ಹೇಳೋದು. ಇದಕ್ಕೆ 'ಒರೆಬಿಲ್ಲೆ' ಅಂದ್ಕೊಂಡಿದೀನಿ, ಚಿನ್ನಕ್ಕೆ ಒರೆಗಲ್ಲು ಇದ್ದ ಹಾಗೆ. ಉಜ್ಜೋದಿಲ್ಲವಲ್ಲ ಅಂತ ತಕರಾರಿದ್ರೆ ಹೇಳಿ.

ರೆಪ್ಲಿಕಾ ಟೇಪ್‌ಗೆ 'ಪಡಿಯಚ್ಚು ಪಟ್ಟಿ' ಚೆನ್ನಾಗಿ ಕೂರುತ್ತೆ. ಗಟ್ಟಿ ಪ್ಲಾಸ್ಟಿಕ್ ಹಾಳೆಗೆ ಮೆತ್ತಗಿನ ಫೋಮ್ ಅಂಟಿಸಿರ್ತಾರೆ, ಪ್ಲೇಟಿಗೆ ಹಚ್ಚಿ ಗುಂಡುತಲೆ ಕಡ್ಡೀಲಿ ಉಜ್ಜಿದ್ರೆ ಬೆಳ್ಳಗಿದ್ದ ವೃತ್ತ ಬೂದುಬಣ್ಣಕ್ಕೆ ತಿರುಗಿ ಅಚ್ಚಿಳಿಯುತ್ತೆ, ಕಿತ್ತು ಗೇಜಲ್ಲಿ ದಪ್ಪ ನೋಡೋದು. ಆ ಪ್ಲಾಸ್ಟಿಕ್ ಹಾಳೇದೇ 50 ಮೈಕ್ರಾನ್, ಅದನ್ನ ಕಳೀಬೇಕು. ಗೇಜು 92 ತೋರಿಸಿದ್ರೆ ಕಚ್ಚು ಬರೀ 42, ಫೇಲು. ಹಾಳೇಲಿ 'ಪಟ್ಟಿಯ ದಪ್ಪ ಬರೆಯಿರಿ' ಅಂದ್ರೆ ಹುಡುಗ 92 ಅಂತ ಬರೆದು ಪಾಸ್ ಮಾಡ್ತಾನೆ, ತಪ್ಪು ಅವನದ್ದಲ್ಲ. ಹಾಗಾಗಿ 'ಗೇಜಿನ ಅಂಕಿ' ಬೇರೆ, 'ಕಚ್ಚಿನ ಆಳ' ಬೇರೆ ಅಂತ ಎರಡು ಕಾಲಂ ಮಾಡಿದೀನಿ. ಗೇಜನ್ನ ಮೊದಲೇ ಮೈನಸ್ 50ಕ್ಕೆ ಸೆಟ್ ಮಾಡಿಟ್ಟಿದ್ರೆ ಮತ್ತೆ ಕಳೀಬಾರದು ಅಂತಾನೂ ಬರೀಬೇಕು.

ಉಳಿದದ್ದು ಸುಲಭ. ಸೆಲ್ಲೋ ಟೇಪ್ ಒತ್ತಿ ತೆಗೆಯೋದು ಧೂಳು ಪರೀಕ್ಷೆ, ಪ್ಲೇಟಿಗೆ ಅಂಟಿಸೋ ಬ್ರೆಸ್ಲೆ ಪ್ಯಾಚ್ ಅನ್ನೋ ಸಣ್ಣ ಪಟ್ಟಿಯೊಳಗೆ ಸಿರಿಂಜಲ್ಲಿ ಶುದ್ಧ ನೀರು ಬಿಟ್ಟು ನೋಡೋದು ಉಪ್ಪು ಪರೀಕ್ಷೆ, ಡ್ಯೂ ಪಾಯಿಂಟ್‌ಗೆ ಶಾಲೆಯ 'ಇಬ್ಬನಿ ಬಿಂದು'ವೇ ಸಾಕು, ಪ್ಲೇಟು ಅದಕ್ಕಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು ಅಷ್ಟೆ.

ಕೊನೆಗೆ ನಾನು ಕೇಳಬೇಕಿರೋದು ಇದು. ಬೀಸೋ ಕಲ್ಲು, ಒರಳು ಸವೆದು ನುಣ್ಣಗಾದಾಗ 'ಕಲ್ಲು ಕುಟ್ಟೋದು' ಅಂತ ಬೀದೀಲಿ ಕೂಗ್ಕೊಂಡು ಬರೋರು, ಉಳಿ ಇಟ್ಟು ಮೈಯೆಲ್ಲಾ ಸಣ್ಣ ಗುಂಡಿ ಎಬ್ಬಿಸೋರು. ನಮ್ಮ ಬ್ಲಾಸ್ಟಿಂಗ್ ಮಾಡೋದೂ ಅದನ್ನೇ. ಕುಟ್ಟಿದ ಮೇಲೆ ಕಲ್ಲಿನ ಮೈಮೇಲೆ ಏಳುತ್ತಿದ್ದ ಆ ಒರಟಿಗೆ ನಿಮ್ಮ ಮನೇಲಿ ಏನಂತಿದ್ರು? ಕುಟ್ಟೋ ಕೆಲಸದ ಹೆಸರಲ್ಲ, ಎದ್ದ ಒರಟಿನ ಹೆಸರು. ಯಾವ ಊರ ಕಡೆ ಮಾತು ಅಂತಲೂ ಬರೀರಿ. ಅಂಥ ಪದ ಸಿಕ್ಕಿದ್ರೆ ಕಚ್ಚು ಬಿಟ್ಟು ಅದನ್ನೇ ಹಾಕ್ತೀನಿ, ಹಾಳೆ ಇನ್ನೂ ಪ್ರಿಂಟಿಗೆ ಕೊಟ್ಟಿಲ್ಲ.