ಹುಬ್ಬಳ್ಳಿಯಿಂದ ಐದು ದಿನ: ಸ್ಕೀ ಕಲಿಯೂದಕ್ಕ ಗುಲ್ಮಾರ್ಗ್ ಚಲೋನೋ, ಔಲಿ ಚಲೋನೋ?

ವಿದ್ಯಾನಗರ_ಹುಬ್ಬಳ್ಳಿ:
ನಮಸ್ಕಾರ್ರಿ. ಫೆಬ್ರುವರಿ ಎರಡನೇ ವಾರ ಐದು ದಿನ ರಜಾ ಸಿಗತೈತಿ. ನಾವಿಬ್ಬರು, ಹನ್ನೆರಡು ವರ್ಷದ ಮಗ. ಬರೇ ಹಿಮ ನೋಡಿ ಬರೂದಲ್ಲ, ಸ್ಕೀ ಕಲೀಬೇಕು ಅಂತ ಅವನ ಹಟ. ಕಾಶ್ಮೀರದ ಗುಲ್ಮಾರ್ಗಿಗೆ ಹೋಗೂದೋ, ಉತ್ತರಾಖಂಡದ ಔಲಿಗೋ? ಇಲ್ಲಿಂದ ಏನೇನ ಒಯ್ಯಬೇಕು, ಅಲ್ಲಿ ಬಾಡಿಗಿಗೆ ಏನ ಸಿಗತೈತಿ? ಪ್ಯಾಕೇಜಿನವರು ಗುಲ್ಮಾರ್ಗಿನ ಗೊಂಡೋಲಾದಾಗ (ಕೇಬಲ್ ಕಾರ್) ತುದೀತನಕ ಕರ್ಕೊಂಡ ಹೋಗ್ತೀವಿ ಅಂತಾರ, ಅದು ಬೇಕೇನ್ರಿ? ನಾವು ಸಸ್ಯಾಹಾರಿಗಳು.

ಸಾಧನಕೇರಿ:
ಐದು ದಿನಕ್ಕ ಔಲಿ ಬ್ಯಾಡ್ರಿ. ಜಾಗ ಕೆಟ್ಟದ್ದಂತಲ್ಲ, ಹೊಸದಾಗಿ ಕಲಿಯೋರಿಗೆ ಅಲ್ಲಿಯ ಇಳಿಜಾರು ಭಾಳ ಚಲೋ ಅದ. ಆದ್ರ ಋಷಿಕೇಶದಿಂದ ಔಲಿಯ ಕೆಳಗಿನ ಊರು ಜೋಶಿಮಠಕ್ಕ ಸುಮಾರು 250 ಕಿ.ಮೀ. ಘಟ್ಟದ ರಸ್ತೆ, ಒಂದು ಹಗಲು ಪೂರ್ತಿ ಬೇಕು. ದಿಲ್ಲಿ ಮುಟ್ಟೂದು ಹಿಡದು ಲೆಕ್ಕಾ ಹಾಕಿದ್ರ ಹೋಗೂದಕ್ಕ ಎರಡು, ಬರೂದಕ್ಕ ಎರಡು ದಿನ ಹೋದ್ವು. ಸ್ಕೀ ಮ್ಯಾಲೆ ನಿಲ್ಲೂದಕ್ಕ ಉಳದದ್ದು ಒಂದs ದಿನ.

ಗುಲ್ಮಾರ್ಗ್ ಶ್ರೀನಗರದಿಂದ 50 ಕಿ.ಮೀ. ಚಿಲ್ಲರೆ. ಕಡೀ 13 ಕಿ.ಮೀ., ಟಂಗ್‌ಮಾರ್ಗ್‌ನಿಂದ ಮ್ಯಾಲೆ, ಏರು ದಾರಿ. ಹಿಮ ಬಿದ್ದ ದಿನ ಗಾಲಿಗೆ ಸರಪಳಿ ಹಾಕಿದ ಗಾಡಿ ಇಲ್ಲಾ ಫೋರ್ ಬೈ ಫೋರ್ ಅಷ್ಟs ಬಿಡ್ತಾರ. ಶ್ರೀನಗರದ ಟ್ಯಾಕ್ಸಿ ಟಂಗ್‌ಮಾರ್ಗಿಗೇ ನಿಂತ್ರ ಅಲ್ಲಿ ಮತ್ತ ರೊಕ್ಕ ಕೊಟ್ಟು ಗಾಡಿ ಬದಲಿಸಬೇಕು. "ಹೋಟೆಲ್ ಬಾಗಿಲಿನತನಕನೋ, ಟಂಗ್‌ಮಾರ್ಗಿನತನಕನೋ" ಅಂತ ಮೊದಲs ಕೇಳಿ ಠರಾವು ಮಾಡ್ಕೋರಿ.

ವಿಮಾನದ್ದು ಲಕ್ಷ್ಯ ಇರಲಿ. ಹುಬ್ಬಳ್ಳಿ–ದಿಲ್ಲಿ, ದಿಲ್ಲಿ–ಶ್ರೀನಗರ ಒಂದೇ ಪಿಎನ್‌ಆರ್‌ನಾಗ ಸಿಗತಾವೇನು ನೋಡ್ರಿ. ಬ್ಯಾರೆ ಬ್ಯಾರೆ ತೊಗೊಂಡ್ರ, ಮೊದಲನೇದು ಮಂಜಿಗೆ ತಡ ಆಗಿ ಎರಡನೇದು ತಪ್ಪಿತಂದ್ರ ಆ ಟಿಕೆಟ್ ಹೋತು ಅಂತಲೇ ತಿಳೀರಿ, ಎರಡನೇ ಕಂಪನಿಗೆ ಅದರ ಹೊಣೆ ಇಲ್ಲ. ದಿಲ್ಲಿಯೊಳಗ ಟರ್ಮಿನಲ್ ಬದಲಾಗಬಹುದು, ನಾಲ್ಕು ತಾಸರ ನಡುವ ಬಿಡ್ರಿ. ಶ್ರೀನಗರದಾಗ ಹಿಮ ಬಿದ್ರ ವಿಮಾನ ಹಾರೂದಿಲ್ಲ, ಘಟ್ಟದ ರಸ್ತೆನೂ ಬಂದ್ ಆಗತದ. ಅದಕ್ಕ ಕಡೀ ರಾತ್ರಿ ಗುಲ್ಮಾರ್ಗ್‌ನಾಗ ಇರಬ್ಯಾಡ್ರಿ, ನಾಲ್ಕನೇ ದಿನ ಮಧ್ಯಾಹ್ನ ಇಳದು ಶ್ರೀನಗರಕ್ಕ ಬಂದುಬಿಡ್ರಿ. ವಿಮಾನ ನಿಲ್ದಾಣದ ದಾರಿಯೊಳಗೇ ತಪಾಸಣೆ ಶುರು ಆಗತದ, ಮೂರು ತಾಸು ಮುಂಚೆ ಹೊರಡ್ರಿ.

ಇನ್ನೊಂದು: ನಮ್ಮ ಕಡಿ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದೊಳಗ ನಡಿಯೂದಿಲ್ಲ. ಇಬ್ಬರೊಳಗ ಒಬ್ಬರದರ ಪೋಸ್ಟ್‌ಪೇಯ್ಡ್ ಇರಲಿ.

ಬೆಟಗೇರಿ_ಗದಗ:
ಸಾಮಾನಿನ ಬಗ್ಗೆ ನಾನು ಬರೀತೀನಿ. ಸ್ಕೀ, ಬೂಟು, ಪೋಲ್ (ಕೈಯಾಗ ಹಿಡಿಯೋ ಕೋಲು), ಹೆಲ್ಮೆಟ್ ಎಲ್ಲಾ ಅಲ್ಲೇ ಬಾಡಿಗಿಗೆ ಸಿಗತಾವ. ಹೊತ್ತು ಕೊಡಬೇಕಾದ್ದು ಬೂಟಿಗೆ, ಸ್ಕೀಗಲ್ಲ. ಸ್ಕೀ ಬೂಟಿನ ಅಳತಿ ಪಾದದ ಉದ್ದ, ಸೆಂ.ಮೀ.ದಾಗ. ಮನ್ಯಾಗs ಹಿಮ್ಮಡ ಗ್ವಾಡಿಗೆ ಹಚ್ಚಿ ನಿಂತು ಅಳತಿ ಬರಕೊಂಡು ಹೋಗ್ರಿ. ಬೂಟು ಹಾಕ್ಕೊಂಡು ನೆಟ್ಟಗ ನಿಂತಾಗ ಬೆರಳು ಮುಂದ ತುಸು ತಾಗಬೇಕು, ಮೊಣಕಾಲು ಮಡಚಿದ ಕೂಡ್ಲೆ ಹಿಂದ ಸರೀಬೇಕು. ಹಿಮ್ಮಡ ಒಳಗs ಮ್ಯಾಲೆ ಎದ್ರ ಆ ಬೂಟು ದೊಡ್ಡದು, ಬ್ಯಾರೆ ಕೇಳ್ರಿ. ಥಂಡಿ ಅಂತ ಎರಡು ಜೋಡಿ ಕಾಲುಚೀಲ ಹಾಕಬ್ಯಾಡ್ರಿ. ಬಿಗಿಯಾಗಿ ರಕ್ತ ಓಡೂದು ಕಮ್ಮಿ ಆಗತೈತಿ, ಪಾದ ಇನ್ನೂ ತಣ್ಣಗಾಗತಾವ. ಮೊಣಕಾಲಿನ ತನಕ ಬರೋ ಉಣ್ಣಿದು ಒಂದs ಜೋಡಿ ಸಾಕು.

ಕಲಿಯೋರಿಗೆ ಸ್ಕೀ ಉದ್ದ ಗದ್ದದಿಂದ ಮೂಗಿನ ನಡುವ ಇರಲಿ. ಬೈಂಡಿಂಗ್ (ಬೂಟನ್ನ ಸ್ಕೀಗೆ ಹಿಡಿಯೋ ಕೊಂಡಿ) ಬಿಗಿ ಮಾಡೋ ಮುಂಚೆ ತೂಕ, ಎತ್ತರ ಕೇಳ್ತಾರ, ಖರೇ ಹೇಳ್ರಿ. ಬಿದ್ದಾಗ ಅದು ತಾನs ಬಿಚ್ಚಬೇಕು. ಹೆಚ್ಚು ಬಿಗಿ ಇದ್ರ ಬಿಚ್ಚೂದಿಲ್ಲ, ಮೊಣಕಾಲು ತಿರುವತೈತಿ. ಹುಡುಗನ ಸ್ಕೀಯನ್ನ ನಿಮ್ಮ ಕಣ್ಣ ಮುಂದs ಹೊಂದಿಸಿ ಕೊಡಲಿ.

ಅರಿವಿ ಮೂರು ಪದರ: ಮೈಗೆ ಹತ್ತಿದ್ದು ಪಾಲಿಯೆಸ್ಟರ್ ಇಲ್ಲಾ ಮೆರಿನೊ ಉಣ್ಣಿ, ಮ್ಯಾಲೆ ಫ್ಲೀಸ್, ಹೊರಗ ನೀರು ತಡಿಯೋ ಜಾಕೆಟ್-ಪ್ಯಾಂಟು. ಹತ್ತಿ ಥರ್ಮಲ್ ಮತ್ತ ಜೀನ್ಸ್ ಬ್ಯಾಡ. ಕಲಿಯುವಾಗ ಬೆವರೂ ಭಾಳ, ಬೀಳೂದೂ ಭಾಳ, ಹತ್ತಿ ಒಮ್ಮೆ ತೊಯ್ದ್ರ ಆರೂದಿಲ್ಲ. ಟಂಗ್‌ಮಾರ್ಗಿನ ಬಾಡಿಗಿ ಓವರ್‌ಕೋಟು, ಗಂಬೂಟು ಅಡ್ಡಾಡೂದಕ್ಕ ಅಷ್ಟs, ಉದ್ದ ಕೋಟಿನ್ಯಾಗ ಕಾಲು ಮಡಚಾಕ ಬರೂದಿಲ್ಲ. ಕೈಗವಸು ನೀರು ತಡಿಯೋವು ಎರಡು ಜೋಡಿ ಇರಲಿ. ಹೊಸಾ ಹಿಮ ಬಿಸಿಲಿನ ಅತಿನೇರಳೆ ಕಿರಣದಾಗ 80%ರ ತನಕ ತಿರುಗಿಸಿ ಮುಖಕ್ಕs ಹೊಡೀತೈತಿ, ಅದಕ್ಕ ಸನ್‌ಸ್ಕ್ರೀನ್ ಗದ್ದದ ಕೆಳಗೂ ಹಚ್ಚರಿ.

ಊಟಕ್ಕ ಚಿಂತಿ ಇಲ್ಲ, ರಾಜ್ಮಾ-ಅನ್ನ, ದಾಲ್, ರೊಟ್ಟಿ ಸಿಗತಾವ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ದ್ರ ಮಧ್ಯಾಹ್ನ ಇಳಿಜಾರಿನ ಬಾಜೂಕs ಕುಂತು ತಿನ್ನಬಹುದು.

ರಾಣೆಬೆನ್ನೂರಿನವ:
ಗೊಂಡೋಲಾದ ಬಗ್ಗೆ. ಗುಲ್ಮಾರ್ಗ್ ಸುಮಾರು 2,650 ಮೀ. ಎತ್ತರದಲ್ಲಿದೆ. ಮೊದಲ ಹಂತ ಕೊಂಗಡೂರಿಗೆ ಹೋಗುತ್ತದೆ, ಎರಡನೆಯದು ಅಫರ್ವಟ್ ಪರ್ವತದ ಸುಮಾರು 3,950 ಮೀಟರಿಗೆ. ಮೇಲಿನ ಹಂತದಿಂದ ಕೆಳಕ್ಕೆ ಸ್ಕೀ ಮಾಡುವುದು ನುರಿತವರ ಕೆಲಸ. ಅಲ್ಲಿನ ಬಹುಭಾಗ ಹಿಮವನ್ನು ಯಂತ್ರದಿಂದ ಹದ ಮಾಡಿರುವುದಿಲ್ಲ, ಹಿಮಕುಸಿತದ ಭಯವೂ ಇದೆ. 2023ರ ಫೆಬ್ರುವರಿ 1ರಂದು ಅಫರ್ವಟ್‌ನಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಹಿಮಕುಸಿತಕ್ಕೆ ಸಿಕ್ಕು ತೀರಿಕೊಂಡರು. ಬರಿದೇ ನೋಡಿ ಬರಬೇಕೆಂದರೂ ಮುಟ್ಟಿದ ದಿನವೇ ಹತ್ತಬೇಡಿ, ತಲೆನೋವು ಹಿಡಿಯುತ್ತದೆ. ಟಿಕೆಟ್ಟನ್ನು ಕೇಬಲ್ ಕಾರ್ ನಿಗಮದ ವೆಬ್‌ಸೈಟಿನಲ್ಲಿ ನೀವೇ ತೆಗೆಯಿರಿ. ಗಾಳಿ ಜೋರಾದರೆ ಮೇಲಿನ ಹಂತ ನಿಲ್ಲಿಸುತ್ತಾರೆ.

ನಿಮಗೆ ಬೇಕಾದ್ದು ಕೆಳಗಿನ ಮೈದಾನದ ಸಣ್ಣ ಇಳಿಜಾರು. ಹೋಟೆಲ್ ಒಂದು ದರ್ಜೆ ಕಡಿಮೆಯದಾದರೂ ಸರಿ, ಆ ಹಣವನ್ನು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿತ ತರಬೇತುದಾರರಿಗೆ ಹಾಕಿ. ಮೂವರಿಗೆ ಒಬ್ಬರು ಸಾಕು, ತಾಸಿಗೋ ದಿನಕ್ಕೋ ಎಂಬುದು ಮೊದಲೇ ಮಾತಾಗಲಿ. ಮೊದಲ ಬೆಳಿಗ್ಗೆ ಬೂಟಿನ ತಳದ ಹಿಮ ಕೆರೆದು, ಮುಂಗಾಲು ಸಿಕ್ಕಿಸಿ, ಹಿಮ್ಮಡಿ ಒತ್ತಿ ಸ್ಕೀ ಹಾಕುವುದು, ಸಮತಟ್ಟಿನಲ್ಲಿ ನಡೆಯುವುದು, ಅಡ್ಡಡ್ಡ ಹೆಜ್ಜೆಯಿಟ್ಟು ಏರುವುದು. ಆಮೇಲೆ ಸ್ನೋಪ್ಲೋ: ಸ್ಕೀಗಳ ಮೂತಿ ಹತ್ತಿರ, ಬಾಲ ಅಗಲ, ಅದೇ ಬ್ರೇಕು. ಎಲ್ಲರೂ ಎಡವುವುದು ಇಲ್ಲೇ. ಹೆದರಿ ಹಿಂದಕ್ಕೆ ವಾಲುತ್ತಾರೆ, ಭಾರವೆಲ್ಲ ಬಾಲಕ್ಕೆ ಹೋಗಿ ಮೂತಿ ಹಗುರಾಗುತ್ತದೆ, ಸ್ಕೀ ತಿರುಗುವುದೂ ಇಲ್ಲ, ನಿಲ್ಲುವುದೂ ಇಲ್ಲ. ಮೊಣಗಂಟಿನ ಕೆಳಗಿನ ಎಲುಬು ಬೂಟಿನ ನಾಲಿಗೆಗೆ ಸದಾ ಒತ್ತಿರಬೇಕು. ಬೀಳುವಂತಾದರೆ ಏರಿನ ಕಡೆ ಪಕ್ಕಕ್ಕೆ ಬೀಳಿ, ಕೈ ಊರಬೇಡಿ. ದಿನಕ್ಕೆ ನಾಲ್ಕು ತಾಸು ಸಾಕು, ದಣಿದ ಮೇಲಿನ ಕೊನೆಯ ಸುತ್ತಿನಲ್ಲೇ ಪೆಟ್ಟಾಗುವುದು.

ಈಗಿನಿಂದ ವಾರಕ್ಕೆ ಮೂರು ದಿನ ನೃಪತುಂಗ ಬೆಟ್ಟ ಹತ್ತಿ ಇಳಿಯಿರಿ. ತೊಡೆಯ ಮುಂಭಾಗಕ್ಕೆ ಕಸುವು ಬರುವುದು ಇಳಿಯುವಾಗ, ಆದ್ದರಿಂದ ಇಳಿಯುವುದನ್ನು ನಿಧಾನ ಮಾಡಿ.

ವಿದ್ಯಾನಗರ_ಹುಬ್ಬಳ್ಳಿ:
ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಎರಡು ಸಂಶೆ: ಮಗನಿಗೆ ಚಷ್ಮಾ ಐತಿ, ಗಾಗಲ್ಸ್ ಹೆಂಗ? ಹೋಟೆಲ್ ರೊಕ್ಕ ಈಗs ಪೂರ್ತಿ ಕಟ್ಟಿದ್ರ ಸೋವಿ ಬೀಳತೈತಿ, ಕಟ್ಟಲೇನು?

ಬೆಟಗೇರಿ_ಗದಗ:
ಚಷ್ಮಾದ ಮ್ಯಾಲೆ ಕೂಡೂವಂಥ ಗಾಗಲ್ಸ್ ಬ್ಯಾರೆನ ಬರತಾವ, ಇಲ್ಲಿಂದs ತೊಗೊಂಡು ಹೆಲ್ಮೆಟ್ ಜೋಡಿ ಹಾಕಿಸಿ ನೋಡ್ರಿ. ಒಳಗ ಮಬ್ಬು ಹಿಡದ್ರ ಬೆರಳಿಂದ ಒರಸಬ್ಯಾಡ್ರಿ, ಒಳಗಿನ ಲೇಪ ಹೋಗತೈತಿ.

ರೊಕ್ಕ ಪೂರ್ತಿ ಕಟ್ಟಬ್ಯಾಡ್ರಿ. 2024ರ ಜನವರಿ ಬಹುತೇಕ ಮುಗಿಯೂತನಕ ಗುಲ್ಮಾರ್ಗ್‌ನಾಗ ಹಿಮನ ಇರಲಿಲ್ಲ. ತುಸು ತುಟ್ಟಿ ಆದ್ರೂ ರದ್ದು ಮಾಡಾಕ ಬರೋ ಖೋಲಿನ ಹಿಡೀರಿ, ಹೋಗೋ ಹತ್ತು ದಿನ ಮುಂಚೆ ಹವಾಮಾನ ನೋಡಿ ಪಕ್ಕಾ ಮಾಡ್ರಿ. ವಿಮೆ ತೊಗೊಳ್ಳುವಾಗ ಸ್ಕೀಯಿಂಗ್ ಅದರಾಗ ಕೂಡೈತೋ ಇಲ್ಲೋ ಓದಿ ನೋಡ್ರಿ, ಎಷ್ಟೋ ಪಾಲಿಸಿ ಅದನ್ನ ಸಾಹಸ ಕ್ರೀಡೆ ಅಂತ ಹೊರಗ ಇಡತಾವ.