"ನನಗೇನೂ ಮರೆವಿಲ್ಲ" ಅನ್ನುವ ಅಮ್ಮನಿಗೆ ಹೇಗೆ ತಿಳಿಸಲಿ?

ಕೇಳಿದವರು: ಅಮ್ಮನಿಗೆ 76 ವರ್ಷ. ಆಲ್‌ಝೈಮರ್ ಅಂತ ಡಾಕ್ಟರ್ ಹೇಳಿ ಒಂದು ವರ್ಷವಾಯಿತು. ಕೇಳಿದ್ದನ್ನೇ ಕೇಳುತ್ತಾರೆ, ಒಂದೇ ಬಿಲ್ಲನ್ನು ಎರಡು ಸಲ ಕಟ್ಟುತ್ತಾರೆ. ಮರೆವಿನ ಮಾತು ತೆಗೆದರೆ ಸಾಕು, "ನನಗೇನಾಗಿದೆ? ನೀನೇ ಸರಿಯಿಲ್ಲ" ಅಂತ ರೇಗುತ್ತಾರೆ. ಮಾತ್ರೆಯೂ ಬೇಡವಂತೆ. ಬೇಕಂತಲೇ ಹೀಗೆ ಮಾಡ್ತಾರಾ? ಒಪ್ಪಿಸುವುದು ಹೇಗೆ? ಅನುಭವ ಇದ್ದವರು ದಯವಿಟ್ಟು ಹೇಳಿ.

ಅಪ್ಪನನ್ನು ಆರು ವರ್ಷ ನೋಡಿಕೊಂಡ ಮಗಳು: ಬೇಕಂತಲೇ ಅಲ್ಲ. ಈ ಮಾತನ್ನು ಶುರುವಿನಲ್ಲೇ ಯಾರಾದರೂ ನನಗೆ ಹೇಳಿದ್ದರೆ ಅಪ್ಪನ ಜೊತೆ ಎಷ್ಟೋ ಜಗಳ ತಪ್ಪುತ್ತಿತ್ತು.

ಪರೀಕ್ಷೆಯ ದಿನ ನಡೆದದ್ದು ಹೇಳುತ್ತೇನೆ. "10 ಪದ ಓದ್ತೀನಿ, ಎಷ್ಟು ನೆನಪಿರುತ್ತೆ?" ಅಂತ ಡಾಕ್ಟರ್ ಕೇಳಿದರು. "ಎಂಟಾದರೂ" ಅಂದರು ಅಪ್ಪ. ಬಂದದ್ದು ಎರಡು. ಅವರ ಮುಖ ಸಣ್ಣದಾಯಿತು, "ಇವತ್ತು ಯಾಕೋ ಆಗ್ಲಿಲ್ಲ" ಅಂದರು. ಅಂದರೆ ಆ ಕ್ಷಣ ಅವರಿಗೆ ಗೊತ್ತಾಯಿತು! ಕಾರು ಹತ್ತುವಾಗ ಮತ್ತೆ, "ಎಲ್ಲಾ ಸರಿಯಾಗೇ ಹೇಳಿದೆನಲ್ಲ" ಅಂದರು. ಸುಳ್ಳು ಹೇಳುತ್ತಿದ್ದಾರೆ ಅಂದುಕೊಂಡು ನಾನು ದಾರಿಯುದ್ದಕ್ಕೂ ವಾದ ಮಾಡಿದೆ.

ಆಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. ಹೊಸ ನೆನಪು ಕೂರಿಸುವುದಕ್ಕೆ ಹಿಪ್ಪೋಕ್ಯಾಂಪಸ್ ಬೇಕು. ಮೆದುಳಿನ ಒಳಗೆ, ಎಡಕ್ಕೊಂದು ಬಲಕ್ಕೊಂದು ಇರುತ್ತದೆ. ಆಲ್‌ಝೈಮರ್‌ನಲ್ಲಿ ಬೇಗ ಕುಗ್ಗುವ ಜಾಗಗಳಲ್ಲಿ ಅದೂ ಒಂದು. "ಅಯ್ಯೋ ತಪ್ಪಾಯ್ತಲ್ಲ" ಅಂತ ನಮ್ಮನ್ನು ನಾವೇ ಹಿಡಿಯುವ ಕೆಲಸದಲ್ಲಿ ಹಣೆಯ ಹಿಂದಿನ ಭಾಗಕ್ಕೆ, ಸಿಂಗ್ಯುಲೇಟ್ ಅನ್ನುವ ಒಳಭಾಗಕ್ಕೆ ದೊಡ್ಡ ಪಾಲಿದೆ. ಅಲ್ಲಿಗೂ ರೋಗ ತಲುಪಿದರೆ ತಪ್ಪು ಆದದ್ದೇ ಗೊತ್ತಾಗದು. ಅಪ್ಪನ ಹಾಗೆ ಗೊತ್ತಾದರೂ ಅದು ಉಳಿಯಬೇಕಲ್ಲ? ಉಳಿಸಿಕೊಳ್ಳುವ ಜಾಗವೇ ಕೆಟ್ಟಿದೆ. ಹಾಗಾಗಿ ತಮ್ಮ ಬಗ್ಗೆ ಅವರಿಗಿರುವುದು ಹಳೆಯ ಲೆಕ್ಕ. ಲೆಕ್ಕಪತ್ರ ನೋಡುತ್ತಿದ್ದ, ಯಾರ ಹೆಸರನ್ನೂ ಮರೆಯದಿದ್ದ ಅಪ್ಪನೇ ಅವರ ಮಟ್ಟಿಗೆ ಇನ್ನೂ ಇದ್ದರು.

ತನಗೆ ಕಾಯಿಲೆ ಇದೆ ಅನ್ನುವ ಅರಿವೇ ಇಲ್ಲದಿರುವುದಕ್ಕೆ ಅನೋಸೊಗ್ನೋಸಿಯಾ ಅನ್ನುತ್ತಾರೆ. 1914ರಲ್ಲಿ ಬಾಬಿನ್‌ಸ್ಕಿ ಅನ್ನುವ ಫ್ರಾನ್ಸಿನ ನರರೋಗ ವೈದ್ಯರು ಈ ಹೆಸರು ಕೊಟ್ಟರು. ಎಡಗೈ ಎಡಗಾಲು ಬಿದ್ದುಹೋದರೂ ಅದು ಗೊತ್ತೇ ಇಲ್ಲದ ರೋಗಿಗಳನ್ನು ಅವರು ಕಂಡಿದ್ದರು. ಕೈ ಎತ್ತಲಾಗದಿದ್ದರೂ ಅದರ ಅರಿವಿಲ್ಲ ಅಂದಮೇಲೆ, ಕಣ್ಣಿಗೇ ಕಾಣದ ಮರೆವಿನ ಅರಿವು ಇಲ್ಲದಿರುವುದು ದೊಡ್ಡದಲ್ಲ ಅಲ್ವಾ?

ಒಪ್ಪಿಸುವ ಆಸೆ ಬಿಟ್ಟುಬಿಡಿ. ಇದನ್ನು ಒತ್ತಿ ಹೇಳುತ್ತೇನೆ. ವಾದ ಮರೆತುಹೋಗುತ್ತದೆ, ವಾದದಿಂದಾದ ನೋವು ಮಾತ್ರ ಮನಸ್ಸಿನಲ್ಲಿ ಉಳಿಯುತ್ತದೆ. ಕಾರಣ ನೆನಪಿಲ್ಲದೆ ಸಂಜೆವರೆಗೂ ಅಪ್ಪ ಮಂಕಾಗಿ ಕೂತಿರುತ್ತಿದ್ದರು. "ಮರೆವಿಗೆ ಮಾತ್ರೆ" ಅನ್ನುವುದನ್ನು ನಿಲ್ಲಿಸಿದೆ. ನನ್ನ ಮಾತ್ರೆ ತೆಗೆದುಕೊಳ್ಳುವ ಹೊತ್ತಿಗೆ "ಅಪ್ಪ, ಇಬ್ಬರೂ ತಗೊಂಡುಬಿಡೋಣ" ಅಂದರೆ ತೆಗೆದುಕೊಳ್ಳುತ್ತಿದ್ದರು. ಆದರೆ ಗಾಡಿ ಓಡಿಸುವುದು, ದುಡ್ಡಿನ ವ್ಯವಹಾರ, ಗ್ಯಾಸ್ ಒಲೆ, ಈ ಮೂರಕ್ಕೆ ಅವರು ಒಪ್ಪಲಿ ಅಂತ ಕಾಯಬೇಡಿ. ಸದ್ದಿಲ್ಲದೆ ವ್ಯವಸ್ಥೆ ಮಾಡಿ.

ಅತ್ತೆಯ ಜೊತೆಗಿರುವ ಸೊಸೆ: ನಮ್ಮ ಅತ್ತೆಯದು ಉಲ್ಟಾ. ಅವರಿಗೂ ಆಲ್‌ಝೈಮರೇ, ಆದರೆ ಎಲ್ಲಾ ಗೊತ್ತಾಗುತ್ತಿತ್ತು. "ನಾನು ಕೈತಪ್ಪಿ ಹೋಗ್ತಾ ಇದೀನಿ ಕಣೇ" ಅಂತ ಅಳುತ್ತಿದ್ದರು. ಅರಿವು ಎಲ್ಲರಲ್ಲೂ ಒಂದೇ ತರಹ ಹೋಗುವುದಿಲ್ಲ, ದಿನದಿಂದ ದಿನಕ್ಕೂ ಹೆಚ್ಚುಕಮ್ಮಿ ಆಗುತ್ತದೆ. ಗೊತ್ತಾಗುವವರಿಗೆ ಖಿನ್ನತೆ ಬರಬಹುದು, ಅದಕ್ಕೆ ಚಿಕಿತ್ಸೆ ಇದೆ. ನಾವು ತಡ ಮಾಡಿದೆವು, ನೀವು ಮಾಡಬೇಡಿ. ಅಮ್ಮ ರೇಗುವುದರ ಹಿಂದೆ ಹೆದರಿಕೆಯೂ ಇರಬಹುದು, ಗಮನಿಸಿ.

ಇನ್ನೊಂದು. ಒಂದೆರಡು ದಿನದಲ್ಲೇ ಗೊಂದಲ ಥಟ್ಟನೆ ಜಾಸ್ತಿಯಾದರೆ ಕಾಯಿಲೆ ಮುಂದುವರಿಯಿತು ಅಂತ ಸುಮ್ನೆ ಇರಬೇಡಿ. ಮೂತ್ರದ ಸೋಂಕಿನಂಥದ್ದರಿಂದಲೂ ಹಾಗಾಗುತ್ತದೆ. ಕೂಡಲೇ ತೋರಿಸಿ.

ಗಂಡನನ್ನು ನೋಡಿಕೊಳ್ಳುತ್ತಿರುವವರು: ನಮ್ಮವರಿಗೆ ಬಂದಿರುವುದು ಮೆದುಳಿನ ಬೇರೆ ಕಾಯಿಲೆ, ಫ್ರಾಂಟೋಟೆಂಪೊರಲ್ ಡಿಮೆನ್ಷಿಯಾ ಅಂತ. ಮೊದಲು ನೆನಪು ಚೆನ್ನಾಗೇ ಇತ್ತು, ಬದಲಾದದ್ದು ಸ್ವಭಾವ. ಮೆದುಳಿನಲ್ಲಿ ಹಣೆಯ ಹಿಂದಿನ ಭಾಗ, ಇನ್ಸುಲಾ ಅನ್ನುವ ಒಳಭಾಗ, ಇವು ಇದರಲ್ಲಿ ಬೇಗ ಹಾಳಾಗುತ್ತವೆ, ಹಾಗಾಗಿ ತಾನು ಬದಲಾಗಿದ್ದೇನೆ ಅನ್ನುವ ಅರಿವು ಶುರುವಿನಲ್ಲೇ ಹೋಗುತ್ತದೆ. ನನ್ನ ಕಣ್ಣೀರು ನೋಡಿಯೂ "ಏನಾಯ್ತು?" ಅನ್ನುತ್ತಿರಲಿಲ್ಲ. ಪ್ರೀತಿ ಹೋಯಿತು ಅಂದುಕೊಂಡು ಎರಡು ವರ್ಷ ಕೊರಗಿದೆ.

ಡಾಕ್ಟರ ಹತ್ತಿರ ಹೋದಾಗ ನಿಮ್ಮನ್ನು ಬೇರೆಯಾಗಿ ಮಾತನಾಡಿಸಲು ಹೇಳಿ. ಒಂದೇ ಪ್ರಶ್ನೆಗೆ ಅಮ್ಮನ ಉತ್ತರ, ನಿಮ್ಮ ಉತ್ತರ ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಅರಿವು ಎಷ್ಟು ಉಳಿದಿದೆ ಅಂತ ಅವರಿಗೆ ತಿಳಿಯುತ್ತದೆ. ಸ್ಕ್ಯಾನ್ ಒಂದೇ ಅದನ್ನು ಹೇಳುವುದಿಲ್ಲ.

ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓದುತ್ತಾ ಅಳು ಬಂತು. ಈಗಷ್ಟೇ ಅಮ್ಮ ಬಂದು, ಕರೆಂಟ್ ಬಿಲ್ ಕಟ್ಟಬೇಕು ಅಂದರು. ಕಟ್ಟಿ ಮೂರು ದಿನವಾಗಿದೆ. "ಆಯ್ತಮ್ಮ, ನಾನು ನೋಡ್ಕೋತೀನಿ" ಅಂದೆ. ಸರಿ ಅಂತ ಪಕ್ಕದಲ್ಲೇ ಕೂತಿದ್ದಾರೆ.